ಶೃಂಗೇರಿಯ ಕೊಳ್ಳೆ ಮತ್ತು ‘ಪಿಂಡಾರಿ’ ಎಂಬ ಹೆಸರು: ಒಂದು ವಿಮರ್ಶೆ

ಕ್ರಿ.ಶ. 1791ರಲ್ಲಿ, ಮೂರನೆಯ ಮೈಸೂರು ಯುದ್ಧವು ನಡೆಯುತ್ತಿದ್ದಾಗ, ಮರಾಠರ ದಂಡಿಗೆ ಸೇರಿದ ಜನರು ಶೃಂಗೇರಿಯ ಮಠವನ್ನು ಕೊಳ್ಳೆಹೊಡೆದರು. ಅನೇಕರು ಹತರಾದರು; ಶಾರದೆಯ ವಿಗ್ರಹವು ಸ್ಥಾನಭ್ರಷ್ಟವಾಯಿತು; ಆಗ ಪೀಠದಲ್ಲಿದ್ದ ಮೂರನೆಯ ಸಚ್ಚಿದಾನಂದ ಭಾರತೀ ಸ್ವಾಮಿಗಳು ಘಟ್ಟದ ಕೆಳಗಿನ ಕಾರ್ಕಳಕ್ಕೆ ತೆರಳಬೇಕಾಯಿತು. ಇಷ್ಟರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವು ಹುಟ್ಟುವುದು ಈ ಕೃತ್ಯವನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬ ಮಾತಿನಲ್ಲಿ. ‘ಮರಾಠರು ಕೊಳ್ಳೆಹೊಡೆದರು’ ಎಂದು ಒಂದು ಪಕ್ಷದವರು ಬರೆಯುತ್ತಾರೆ. ‘ಮರಾಠರಲ್ಲ, ಅವರ ಸಂಗಡ ಬಂದಿದ್ದ ಪಿಂಡಾರಿಗಳು’ ಎಂದು ಇನ್ನೊಂದು ಪಕ್ಷದವರು ತಿದ್ದುತ್ತಾರೆ. ಈ ಎರಡನೆಯ ಉತ್ತರವು ಎಷ್ಟರ ಮಟ್ಟಿಗೆ ಉತ್ತರವಾಗಬಲ್ಲದು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಸುಲಿಗೆಗಾರರೂ ಹೌದು, ಸೈನಿಕರೂ ಹೌದು ಎನ್ನಬಹುದಾದ ಒಂದು ವರ್ಗವನ್ನು ನಮ್ಮ ಇತಿಹಾಸಗ್ರಂಥಗಳು ಹೇಗೆ ಬಳಸಿಕೊಂಡಿವೆ ಎಂಬುದನ್ನು ತಿಳಿಯಲು ಈ ಒಂದು ಪ್ರಸಂಗವೇ ಸಾಕೆಂದು ನಾವು ಭಾವಿಸುತ್ತೇವೆ.

ಮೊದಲು ಆಧಾರಗಳನ್ನು ನೋಡೋಣ. ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು 1916ರಲ್ಲಿ ಶೃಂಗೇರಿಯ ಮಠದಲ್ಲಿದ್ದ ಟಿಪ್ಪುಸುಲ್ತಾನನ ಕನ್ನಡ ಪತ್ರಗಳನ್ನು ಬೆಳಕಿಗೆ ತಂದು, ಅವುಗಳ ಸಾರವನ್ನು ಇಲಾಖೆಯ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು. 1930ರಲ್ಲಿ ಸುರೇಂದ್ರನಾಥ ಸೇನರು ತಮ್ಮ ಇತಿಹಾಸ ಪ್ರಬಂಧಗಳ ಸಂಕಲನದಲ್ಲಿ ಈ ಪತ್ರಗಳನ್ನು ಪ್ರತ್ಯೇಕವಾಗಿ ಚರ್ಚಿಸಿದರು. ಮರಾಠಿಯಲ್ಲಿ, ಪಟವರ್ಧನ ಮನೆತನದ ಕಾಗದಪತ್ರಗಳನ್ನು ವಾಸುದೇವ ವಾಮನ ಖರೆಯವರು ‘ಐತಿಹಾಸಿಕ ಲೇಖ ಸಂಗ್ರಹ’ವೆಂಬ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. 1982ರಲ್ಲಿ ಎ.ಕೆ. ಶಾಸ್ತ್ರಿಯವರ ಶೃಂಗೇರಿಯ ಇತಿಹಾಸವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಹೊರಬಂದಿತು. ಹೀಗೆ ಒಂದೇ ಘಟನೆಗೆ ಹೊಡೆದವರ ಪಾಳೆಯದ ಪತ್ರಗಳೂ, ಹೊಡೆತ ತಿಂದವರಿಗೆ ಅವರ ರಾಜನು ಬರೆದ ಪತ್ರಗಳೂ ಉಳಿದುಬಂದಿರುವುದು ಹದಿನೆಂಟನೆಯ ಶತಮಾನದ ಮಲೆನಾಡಿನ ಮಟ್ಟಿಗೆ ವಿರಳವಾದ ಭಾಗ್ಯವೆಂದೇ ಹೇಳಬೇಕು.

ಆದರೆ ಪತ್ರವೆಂಬುದು ಸಾಕ್ಷಿಯಾಗುವ ಮೊದಲು ಒಂದು ಪ್ರಯೋಜನಕ್ಕಾಗಿ ಹುಟ್ಟಿದ್ದು. ಸ್ವಾಮಿಗಳು ತಮಗಾದ ನಷ್ಟವನ್ನು 60 ಲಕ್ಷ ರೂಪಾಯಿಗಳೆಂದು ಹೇಳಿದರೆಂದು ಪ್ರಸಿದ್ಧಿಯಿದೆ. ಅದು ಪರಿಹಾರವನ್ನು ಕೇಳುವವರ ಅಂಕಿ. ಹಾಗೆಂದು ತಿಳಿದೇ ಅದನ್ನು ಓದಬೇಕು. 1791ರ ಜುಲೈ ತಿಂಗಳಿನಿಂದ ಮುಂದೆ ಟಿಪ್ಪುಸುಲ್ತಾನನು ಬರೆದ ಪತ್ರಗಳಲ್ಲಿ ಸಂತಾಪವಿದೆ, ಕೋಪವಿದೆ, ಶಾರದೆಯ ಪುನಃಪ್ರತಿಷ್ಠೆಗಾಗಿ ನಗರದ ಆಸಫನ ಮೂಲಕ 200 ರಾಹತಿ ನಗದನ್ನೂ ಬೇಕಾದ ಸಾಮಗ್ರಿಯನ್ನೂ ಒದಗಿಸುವ ಅಪ್ಪಣೆಯಿದೆ. ಅವುಗಳೊಂದಿಗೆ ರಾಜ್ಯದ ಕ್ಷೇಮಕ್ಕಾಗಿ ಸಹಸ್ರಚಂಡೀಜಪವನ್ನು ನಡೆಸಬೇಕೆಂಬ ಬೇಡಿಕೆಯೂ ಇದೆ. ಅದೇ ಹೊತ್ತಿಗೆ ಆತನು ಆಂಗ್ಲರು, ಮರಾಠರು ಮತ್ತು ನಿಜಾಮ ಈ ಮೂವರೊಡನೆ ಏಕಕಾಲದಲ್ಲಿ ಹೋರಾಡುತ್ತಿದ್ದನು. ಶತ್ರುವು ಜಗದ್ಗುರುಪೀಠವನ್ನೇ ಸುಲಿದನೆಂಬುದು ಅವನಿಗೆ ದುಃಖದ ವಾರ್ತೆಯಾಗಿದ್ದಂತೆಯೇ ಉಪಯುಕ್ತವಾದ ವಾರ್ತೆಯೂ ಆಗಿತ್ತು. ಇನ್ನು ಪಟವರ್ಧನರ ಪಾಳೆಯದ ಪತ್ರಗಳು, ದಂಡಿಗಿಂತ ಮುಂದಾಗಿ ಹೋದ ಲಮಾಣರೂ ಪಿಂಡಾರಿಗಳೂ ಶೃಂಗೇರಿಯನ್ನು ಸುಲಿದರೆಂದು ಹೇಳುತ್ತವೆ. ತಮ್ಮ ಧರ್ಮದ ಗುರುಪೀಠವನ್ನು ತಮ್ಮ ದಂಡೇ ಕೆಡಿಸಿತೆಂಬ ಅಪಕೀರ್ತಿಯಿಂದ ಬಿಡಿಸಿಕೊಳ್ಳುವ ಅವಶ್ಯಕತೆ ಬರೆದವರಿಗೆ ಇತ್ತೆಂಬುದನ್ನು ಮರೆಯಲಾಗದು. ಈ ಮಾತಿನಿಂದ ಅವರು ಸುಳ್ಳು ಹೇಳಿದರೆಂದಾಗುವುದಿಲ್ಲ. ಅವರು ಹೇಳಿದ್ದು ನಿಜವಾಗಿದ್ದರೂ ಅದರಿಂದ ಏನು ಸಿದ್ಧವಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಕಾಲನಿರ್ಣಯದ ವಿಷಯದಲ್ಲಿ ಒಂದು ಗೊಂದಲವನ್ನು ಇಲ್ಲಿಯೇ ನಿವಾರಿಸುವುದು ಒಳ್ಳೆಯದು. ಪರಶುರಾಮಭಾವು ಪಟವರ್ಧನನು ಶಿವಮೊಗ್ಗೆಯ ಬಳಿ ಗೆದ್ದು, ಆ ಗೆಲುವಿನ ಹುಮ್ಮಸ್ಸಿನಲ್ಲಿ ಶೃಂಗೇರಿಗೆ ನುಗ್ಗಿದನೆಂಬಂತೆ ಕೆಲವು ಪಠ್ಯಗಳು ಬರೆಯುತ್ತವೆ. ಶಿವಮೊಗ್ಗೆಯ ಯುದ್ಧವು ನಡೆದದ್ದು 1791ರ ಡಿಸೆಂಬರ್ 29ರಂದು. ಟಿಪ್ಪುವಿನ ಪತ್ರವಾದರೋ ಅದೇ ವರ್ಷದ ಜುಲೈ ತಿಂಗಳಿನದು. ಆದುದರಿಂದ ಕೊಳ್ಳೆಯು ಆ ಯುದ್ಧಕ್ಕಿಂತ ಬಹಳ ಮೊದಲೇ, ಮಳೆಗಾಲವು ಹಿಡಿಯುವುದಕ್ಕೆ ಮುಂಚೆ, ನಡೆದಿರಬೇಕು. 1791ರ ಏಪ್ರಿಲ್ ಮೊದಲಲ್ಲಿ ಧಾರವಾಡದ ಕೋಟೆಯು ಮರಾಠರ ವಶವಾದ ಮೇಲೆ ಭಾವುವು ಶ್ರೀರಂಗಪಟ್ಟಣದ ಕಡೆಗೆ ನಡೆದನು. ಬಿದನೂರಿನ ಸೀಮೆಗೆ ಬಂದ ದಂಡು ಅದೇ ಮನೆತನದ ಕುರುಂದವಾಡದ ರಘುನಾಥರಾಯನದು. ಭಾವುವು ಎದುರಿಗೆ ನಿಂತು ಸುಲಿಸಿದನೆಂಬ ಚಿತ್ರವು ಇದರಿಂದ ಬಿದ್ದುಹೋಗುತ್ತದೆ. ಸರದಾರನು ಎದುರಿಗಿರಲಿಲ್ಲವಾದ್ದರಿಂದ ಅವನ ಹೊಣೆಯೂ ಇರಲಿಲ್ಲವೆಂಬ ತೀರ್ಮಾನಕ್ಕೆ ಹಲವರು ಇಲ್ಲಿಂದಲೇ ಹಾರುತ್ತಾರೆ. ಆ ಹಾರಿಕೆಯ ನಡುವೆ ಇರುವ ಕಂದಕವನ್ನು ಈಗ ಅಳೆಯಬೇಕಾಗಿದೆ.

ಪಿಂಡಾರಿ ಎಂಬುದು ಒಂದು ಜಾತಿಯ ಹೆಸರಲ್ಲ, ಒಂದು ಮತದ ಹೆಸರೂ ಅಲ್ಲ. ಆ ಶಬ್ದದ ವ್ಯುತ್ಪತ್ತಿಯ ವಿಷಯದಲ್ಲಿ ಪಂಡಿತರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಆದರೆ ಸಂಸ್ಥೆಯ ಸ್ವರೂಪವು ಸ್ಪಷ್ಟವಾಗಿದೆ. ದಂಡಿನ ಸಂಗಡ ಕುದುರೆಯೇರಿ ಹೊರಟು, ಸಂಬಳವಿಲ್ಲದೆ, ಶತ್ರುವಿನ ಸೀಮೆಯಲ್ಲಿ ಮೇವು, ದನ, ಧಾನ್ಯ, ಹಣ ಇವುಗಳನ್ನು ಸುಲಿದು ಬದುಕುತ್ತಿದ್ದ ಜನರು ಇವರು. ಸುಲಿಗೆಯಲ್ಲಿ ಒಂದು ಭಾಗವನ್ನು ‘ಪಾಲಪಟ್ಟಿ’ ಎಂಬ ಹೆಸರಿನಲ್ಲಿ ಸರದಾರನಿಗೆ ಸಲ್ಲಿಸುವ ಪದ್ಧತಿಯು ಮರಾಠರಲ್ಲಿ ಇತ್ತು. ಮಾಳವದಲ್ಲಿದ್ದ ಪಿಂಡಾರಿಗಳಲ್ಲಿ ಸಿಂಧೇಶಾಹಿಗಳೆಂದೂ ಹೋಳ್ಕರಶಾಹಿಗಳೆಂದೂ ಎರಡು ಪಂಗಡಗಳಿದ್ದುದನ್ನು 1823ರಲ್ಲಿ ಪ್ರಕಟವಾದ ಮಾಲ್ಕಮನ ಮಧ್ಯಭಾರತದ ಗ್ರಂಥವು ವಿವರಿಸುತ್ತದೆ. ಒಡೆಯನ ಹೆಸರನ್ನೇ ತಮ್ಮ ಹೆಸರಾಗಿ ಧರಿಸಿ, ಒಡೆಯನಿಗೆ ಪಾಲು ಸಲ್ಲಿಸಿ, ಒಡೆಯನ ದಂಡಿನ ಮುಂದೆ ನಡೆಯುವ ಜನರನ್ನು ಒಡೆಯನಿಲ್ಲದ ಕಳ್ಳರೆಂದು ಬರೆಯುವುದು ಹೇಗೆ? ತೆರಿಗೆ ಕಟ್ಟಿದ ಸುಲಿಗೆಯು ಸರ್ಕಾರದ ಆದಾಯದೊಳಗೆ ಸೇರಿದ್ದು. ಆದಾಯವನ್ನು ಒಪ್ಪಿಕೊಂಡವನು ಅದರ ಮೂಲವನ್ನು ನಿರಾಕರಿಸಲಾರನು.

ಇದನ್ನು ಮರಾಠರ ವಿಶೇಷ ದೋಷವೆಂದು ತಿಳಿಯುವುದು ಮತ್ತೊಂದು ತಪ್ಪು. ಮೈಸೂರಿನ ಇತಿಹಾಸದಲ್ಲಿಯೇ ಇದಕ್ಕೆ ಹಿಂದಿನ ನಿದರ್ಶನವೊಂದಿದೆ. ಹೈದರಾಲಿಯು ಇನ್ನೂ ಸಾಮಾನ್ಯ ಸೇನಾನಾಯಕನಾಗಿ ತಿರುಚಿರಾಪಳ್ಳಿಯ ಯುದ್ಧದಲ್ಲಿದ್ದ 1750ರ ದಶಕದಲ್ಲಿ, ಬೇಡ ಕಾಲಾಳುಗಳನ್ನೂ ಸುಲಿಗೆಯ ರಾವುತರನ್ನೂ ಕೂಡಿಸಿಕೊಂಡು, ಅವರು ತಂದ ಕೊಳ್ಳೆಯಲ್ಲಿ ಅರ್ಧಭಾಗವನ್ನು ತಾನು ತೆಗೆದುಕೊಳ್ಳುವ ಏರ್ಪಾಡನ್ನು ಮಾಡಿದನೆಂದು ವಿಲ್ಕ್ಸ್ ಬರೆದಿದ್ದಾನೆ. ಈ ಲೆಕ್ಕವನ್ನು ಕ್ರಮವಾಗಿ ಇಟ್ಟವನು ಖಂಡೇರಾಯ. ಓದುಬರಹ ಬಾರದ ಒಡೆಯ, ಲೆಕ್ಕದಲ್ಲಿ ನಿಪುಣನಾದ ಬ್ರಾಹ್ಮಣ ಕಾರಕೂನ, ಸುಲಿದು ತರುವ ಬೇಡರು: ಮುಂದೆ ದಕ್ಷಿಣಭಾರತವನ್ನೇ ನಡುಗಿಸಿದ ಒಂದು ಸೈನ್ಯದ ಬೀಜವು ಈ ಮೂವರ ಕೂಟದಲ್ಲಿತ್ತು. ವಿಲ್ಕ್ಸನು ಹೈದರನಿಗೆ ಸ್ನೇಹಿತನಲ್ಲ. ಅವನ ಮಾತಿನಲ್ಲಿ ಹಗೆಯ ಲೇಪವಿರಬಹುದು. ಆದರೂ ಅವನು ವರ್ಣಿಸಿದ ಏರ್ಪಾಡು ಪಾಲಪಟ್ಟಿಯ ಸೋದರನೇ ಸರಿ ಎಂಬುದರಲ್ಲಿ ಸಂದೇಹವಿಲ್ಲ. ಹಣವಿಲ್ಲದ ರಾಜ್ಯವು ದೊಡ್ಡ ದಂಡನ್ನು ಕಟ್ಟಬೇಕಾದಾಗ ಸಂಬಳದ ಬದಲು ಸುಲಿಗೆಯ ಸನ್ನದನ್ನು ಕೊಡುವುದು ಆ ಕಾಲದ ಎಲ್ಲ ಪಕ್ಷಗಳಿಗೂ ತಿಳಿದ ಉಪಾಯವಾಗಿತ್ತು.

ಲಮಾಣರ ವಿಷಯವು ಇನ್ನೂ ಸೂಕ್ಷ್ಮವಾದುದು. ಇವರು ಎತ್ತಿನ ಹೇರುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಸಾಗಿಸುತ್ತಿದ್ದ ವರ್ತಕರು. 1791ರ ಯುದ್ಧದಲ್ಲಿ ಮರಾಠರ ದಂಡಿಗೆ ಮಾತ್ರವಲ್ಲದೆ ಕಾರ್ನ್‌ವಾಲಿಸನ ದಂಡಿಗೂ ಅನ್ನವನ್ನು ಒದಗಿಸಿದವರು ಇದೇ ಜನರು. ಇವರಿಲ್ಲದೆ ಆ ಕಾಲದ ಯಾವ ಸೈನ್ಯವೂ ನಾಲ್ಕು ದಿನ ನಡೆಯಲಾರದು. ಶೃಂಗೇರಿಯ ಕೊಳ್ಳೆಯಲ್ಲಿ ಪಿಂಡಾರಿಗಳ ಜೊತೆಗೆ ಇವರ ಹೆಸರು ಏಕೆ ಬಂದಿತೆಂಬುದನ್ನು ಸ್ಥಳದ ಭೂಗೋಳವನ್ನು ನೋಡದೆ ತಿಳಿಯಲಾಗದು. ಶೃಂಗೇರಿಯು ತುಂಗೆಯ ದಡದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಋಷ್ಯಶೃಂಗೇಶ್ವರನ ಕಿಗ್ಗ. ಕಿಗ್ಗದ ಆಚೆ ಸಿರಿಮನೆ. ಅದರಾಚೆ ಘಟ್ಟದ ಅಂಚು. ಘಟ್ಟದ ಕೆಳಗೆ ಸ್ವಾಮಿಗಳು ಆಶ್ರಯ ಪಡೆದ ಕಾರ್ಕಳದ ಸೀಮೆ. ಸಮೀಪದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಮಿಗಿಲು. ಇಲ್ಲಿ ಊರೆಂದರೆ ಬಯಲುಸೀಮೆಯಂತೆ ಒಂದೆಡೆ ಒತ್ತಾಗಿ ಕಟ್ಟಿದ ಕೇರಿಗಳಲ್ಲ. ಅಡಕೆಯ ತೋಟ, ಗದ್ದೆ, ಗುಡ್ಡಗಳ ನಡುವೆ ಚದುರಿಹೋದ ಒಂಟಿ ಮನೆಗಳು. ಬಯಲಿನಲ್ಲಿ ಓಡಿ ಬೆಳೆದ ಕುದುರೆಯ ದಂಡಿಗೆ ಈ ನಾಡು ದಾರಿಯನ್ನೂ ಕೊಡದು, ಮೇವನ್ನೂ ಕೊಡದು. ಅಡಕೆ, ಮೆಣಸು, ಏಲಕ್ಕಿಗಳು ಕರಾವಳಿಗೆ ಇಳಿಯುವ, ಉಪ್ಪು ಮೇಲಕ್ಕೆ ಏರುವ ಹೇರೆತ್ತಿನ ಹಾದಿಗಳನ್ನು ಬಲ್ಲವರ ನೆರವು ಬೇಕೇ ಬೇಕು. ಆದುದರಿಂದ ಪಿಂಡಾರಿಯೊಡನೆ ಲಮಾಣನು ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲವೆಂದು ನಾವು ಊಹಿಸುತ್ತೇವೆ. ದಾರಿ ಬಲ್ಲವನು ಅವನು; ಕೊಳ್ಳೆಯನ್ನು ಹೊತ್ತು ತರಬಲ್ಲ ಎತ್ತುಗಳು ಇದ್ದದ್ದೂ ಅವನಲ್ಲಿಯೇ. ಇದು ಊಹೆಯೇ ಹೊರತು ನಿರ್ಣಯವಲ್ಲ. ಆದರೆ ಊಹೆಯು ಸರಿಯಾದರೆ, ದಂಡಿನ ಸಾಗಾಟದ ವಿಭಾಗವೇ ಸುಲಿಗೆಯಲ್ಲಿ ಭಾಗವಹಿಸಿತೆಂದಾಯಿತು. ಆಗ ‘ದಂಡಿಗೂ ಸುಲಿಗೆಗೂ ಸಂಬಂಧವಿಲ್ಲ’ ಎಂಬ ಮಾತಿಗೆ ನಿಲ್ಲಲು ನೆಲವೇ ಇರುವುದಿಲ್ಲ.

ಮಠದ ಕಾಗದಗಳು ಮಠದ ನಷ್ಟವನ್ನು ಹೇಳುವುದಕ್ಕಾಗಿ ಹುಟ್ಟಿದವು. ಪಾಳೆಯದ ಕಾಗದಗಳು ಪಾಳೆಯದ ಮಾನವನ್ನು ಕಾಯುವುದಕ್ಕಾಗಿ. ಕಿಗ್ಗ, ಸಿರಿಮನೆಗಳಂಥ ಊರುಗಳ ಒಕ್ಕಲಿನ ಕಣಜ, ಹಟ್ಟಿ, ಹಿತ್ತಿಲುಗಳ ಗತಿಯು ಈ ಎರಡು ಬಗೆಯ ಕಾಗದಗಳಿಗೂ ವಿಷಯವಲ್ಲ. ದಂಡು ಹಾದುಹೋದ ನಾಡಿನಲ್ಲಿ ಮೊದಲು ಬರಿದಾಗುತ್ತಿದ್ದುದು ದೇವರ ಭಂಡಾರವಲ್ಲ, ಬಡವನ ಕಣಜ. 1791ರ ಕೊಳ್ಳೆಯನ್ನು ಕೇವಲ ಧರ್ಮಪೀಠದ ಅಪಚಾರವೆಂದು ಓದುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ಈಗ ಹೊಣೆಯ ಪ್ರಶ್ನೆಗೆ ಬರೋಣ. ಕೊಳ್ಳೆಯ ಸುದ್ದಿಯು ಪುಣೆಗೆ ತಲುಪಿದ ಮೇಲೆ, ಮಠದ ವಸ್ತುಗಳನ್ನು ಹಿಂದಿರುಗಿಸುವ ವಿಷಯದಲ್ಲಿ ಪೇಶ್ವೆಯ ದರ್ಬಾರಿಗೂ ಪಟವರ್ಧನರಿಗೂ ಪತ್ರವ್ಯವಹಾರವು ನಡೆಯಿತು. ಈ ಒಂದು ಸಂಗತಿಯೇ ನಮ್ಮ ವಾದಕ್ಕೆ ಬಲವಾದ ಆಧಾರ. ಸುಲಿದವರು ಯಾರ ಅಂಕೆಗೂ ಸಿಕ್ಕದ ಕಳ್ಳರಾಗಿದ್ದರೆ ವಸ್ತುಗಳನ್ನು ಸರದಾರನಿಂದ ಕೇಳುವುದರಲ್ಲಿ ಅರ್ಥವಿಲ್ಲ. ಸರದಾರನು ಹೊಣೆಗಾರನೆಂಬುದನ್ನು ಆ ಕಾಲದ ಪುಣೆಯೇ ತಿಳಿದಿತ್ತು. ಹದಿನೆಂಟನೆಯ ಶತಮಾನದ ಪೇಶ್ವೆಯ ದರ್ಬಾರು ಒಪ್ಪಿದ್ದ ಹೊಣೆಯನ್ನು ಇಪ್ಪತ್ತನೆಯ ಶತಮಾನದ ಲೇಖಕರು ತಳ್ಳಿಹಾಕುವುದು ಸೋಜಿಗವೆಂದು ನಮಗೆ ತೋರುತ್ತದೆ. ‘ಮರಾಠರು’ ಎಂಬ ಒಂದೇ ಶಬ್ದದಿಂದ ಒಂದು ಜನಾಂಗವನ್ನೇ ಕಟಕಟೆಗೆ ತರುವ ಪಕ್ಷದವರ ಬರಹವೂ ಇದರಷ್ಟೇ ಸಡಿಲವಾದುದು. ಒಬ್ಬರು ಹೊಣೆಯನ್ನು ಎಲ್ಲರ ಮೇಲೂ ಹರಡುತ್ತಾರೆ. ಇನ್ನೊಬ್ಬರು ಹೆಸರಿಲ್ಲದವರ ಮೇಲೆ ಹೊರಿಸುತ್ತಾರೆ. ಎರಡರಲ್ಲಿಯೂ ದಂಡನ್ನು ಕಟ್ಟಿ, ಸಂಬಳ ಕೊಡದೆ, ಪಾಲು ಪಡೆದ ಸರದಾರನು ತಪ್ಪಿಸಿಕೊಳ್ಳುತ್ತಾನೆ.

‘ಸೈನಿಕ’, ‘ಕಳ್ಳ’ ಎಂಬ ಹೆಸರುಗಳು ಎಷ್ಟು ಬೇಗ ಬದಲಾಗುತ್ತಿದ್ದವೆಂಬುದಕ್ಕೆ ಇದೇ ಸೀಮೆಯ ಧೋಂಡಿಯ ವಾಘನ ಜೀವನವು ಉತ್ತಮ ನಿದರ್ಶನ. ಅವನು ಚನ್ನಗಿರಿಯಲ್ಲಿ ಹುಟ್ಟಿದವನು. ಹೈದರನ ದಂಡಿನಲ್ಲಿ ರಾವುತ. ಕಾರ್ನ್‌ವಾಲಿಸನ ಯುದ್ಧಕಾಲದಲ್ಲಿ ದಂಡನ್ನು ಬಿಟ್ಟು ಧಾರವಾಡದ ಕಡೆ ಹೋಗಿ ಸುಲಿಗೆಗೆ ಇಳಿದನು. 1794ರಲ್ಲಿ ಟಿಪ್ಪುವಿನ ರಾಜ್ಯಕ್ಕೆ ಹಿಂದಿರುಗಿದನು. ಆಮೇಲೆ ಶ್ರೀರಂಗಪಟ್ಟಣದ ಸೆರೆಮನೆಯನ್ನು ಸೇರಿದನು. 1799ರ ಮೇ 4ರಂದು ಕೋಟೆಯು ಬಿದ್ದಾಗ ಬಿಡುಗಡೆ ಹೊಂದಿ, ಕೆಲಸ ಕಳೆದುಕೊಂಡ ಸುಲ್ತಾನನ ರಾವುತರನ್ನು ಕೂಡಿಸಿಕೊಂಡು ಬಿದನೂರಿನ ಸೀಮೆಯನ್ನು ಹಿಡಿದನು. ಎರಡು ಲೋಕಗಳ ಒಡೆಯನೆಂಬ ಬಿರುದನ್ನೂ ಧರಿಸಿದನು. 1800ರಲ್ಲಿ ಅವನು ಸಿಕ್ಕಿದರೆ ಮೊದಲು ಕಂಡ ಮರಕ್ಕೆ ನೇಣುಹಾಕಬೇಕೆಂದು ಮದರಾಸಿನ ಸರ್ಕಾರವು ಆರ್ಥರ್ ವೆಲ್ಲೆಸ್ಲಿಗೆ ಅಪ್ಪಣೆ ಕೊಟ್ಟಿತು. ಅಂದರೆ ಶತ್ರುಸೈನಿಕನ ಮರ್ಯಾದೆ ಅವನಿಗಿಲ್ಲ, ಅವನು ಕಳ್ಳ. ಆದರೆ ಆ ಕಳ್ಳನನ್ನು ಹಿಡಿಯಲು ಹಲವು ತಿಂಗಳ ದಂಡಯಾತ್ರೆಯೇ ಬೇಕಾಯಿತು. ಆ ವರ್ಷದ ಜೂನ್ 30ರಂದು ಅವನು ಮರಾಠ ಸೇನಾನಿ ಧೋಂಡೋಪಂತ ಗೋಖಲೆಯನ್ನು ಕೊಂದನು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ವೆಲ್ಲೆಸ್ಲಿಯು ತಾನೇ ಮುಂದಾಳಾಗಿ ನಡೆಸಿದ ಕುದುರೆಯ ದಾಳಿಯಲ್ಲಿ ಮಡಿದನು. ಅವನ ಮಗನ ಪಾಲನೆಯ ಭಾರವನ್ನು ವಹಿಸಿಕೊಂಡವನೂ ವೆಲ್ಲೆಸ್ಲಿಯೇ. ಧೋಂಡಿಯನ ಕೈಕೆಳಗಿದ್ದ ರಾವುತನೊಬ್ಬನನ್ನು ನಾವು ಏನೆಂದು ಕರೆಯಬೇಕು? 1799ರ ಮೇ 3ರಂದು ಅವನು ಸರ್ಕಾರದ ಸವಾರ. ಮೇ 5ರಂದು ನಿರುದ್ಯೋಗಿ. ಮುಂಗಾರು ಕಳೆಯುವುದರೊಳಗೆ ದರೋಡೆಕಾರ. ಈ ಅವಧಿಯಲ್ಲಿ ಬದಲಾದದ್ದು ಅವನ ಕುದುರೆಯಲ್ಲ, ಕತ್ತಿಯಲ್ಲ, ಕಸುಬೂ ಅಲ್ಲ. ಸಂಬಳದ ಪಟ್ಟಿಯಲ್ಲಿದ್ದ ಹೆಸರು ಅಳಿಸಿಹೋಯಿತು, ಅಷ್ಟೆ.

ಪಟ್ಟಿಗೆ ಮತ್ತೆ ಸೇರಿಸಿದರೆ ಅದೇ ಬಗೆಯ ರಾವುತನು ಮತ್ತೆ ಸೈನಿಕನಾಗುತ್ತಿದ್ದನೆಂಬುದಕ್ಕೂ ಮೈಸೂರೇ ಸಾಕ್ಷಿ. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನವು 4000 ಸಿಲ್ಲೇದಾರ ರಾವುತರನ್ನು ಸದಾ ಸಿದ್ಧವಾಗಿ ಇರಿಸಬೇಕಾಯಿತು. ಸಿಲ್ಲೇದಾರನೆಂದರೆ ಸ್ವಂತ ಕುದುರೆ, ಸ್ವಂತ ಆಯುಧಗಳೊಡನೆ ಸೇವೆಗೆ ಬರುವವನು. ಹೈದರ್-ಟಿಪ್ಪುಗಳ ಕಾಲದಲ್ಲಿ ಮೈಸೂರಿನ ಹಗುರ ರಾವುತರನ್ನು ಆಂಗ್ಲರು ‘ಲೂಟಿ’ಗಳೆಂದೇ ಕರೆಯುತ್ತಿದ್ದರು. ಪಿಂಡಾರಿಗಳನ್ನು ನಿರ್ಮೂಲ ಮಾಡುವುದಕ್ಕೆಂದು 1817ರಲ್ಲಿ ಹೂಡಿದ ಯುದ್ಧದಲ್ಲಿ, ಆ ಪರಂಪರೆಯ ಮೈಸೂರು ಸಿಲ್ಲೇದಾರರು ಕಂಪನಿಯ ಪಕ್ಷದಲ್ಲಿ ಮಾಳವದವರೆಗೆ ನಡೆದರು. ಡಿಸೆಂಬರ್ 21ರ ಮಹೀದಪುರದ ಯುದ್ಧದಲ್ಲಿ ಹೋಳ್ಕರನ ಸೈನ್ಯದ ಎದುರಿಗೆ ನಿಂತರು. ಒಂದು ತಲೆಮಾರಿನ ಹಿಂದಿನ ‘ಲೂಟಿ’ಯು ಈಗ ಲೂಟಿಗಾರರನ್ನು ಅಡಗಿಸುವ ಸರ್ಕಾರದ ಸವಾರನಾದನು.

ನಮ್ಮ ವಾದಕ್ಕೆ ಒಂದು ಆಕ್ಷೇಪವು ಬರಬಹುದು. ಹೊಣೆಯನ್ನೆಲ್ಲ ಸರದಾರನ ಮೇಲೆ ಹಾಕಿದರೆ, ಶೃಂಗೇರಿಯಲ್ಲಿ ನಿರಾಯುಧರನ್ನು ಕಡಿದವನು ಬರಿಯ ಕೂಲಿಯವನೆಂದು ಪಾರಾಗುವುದಿಲ್ಲವೇ? ಆಕ್ಷೇಪವು ನ್ಯಾಯವಾದದ್ದು. ಕೊಂದವನು ಕೊಂದವನೇ, ಹಸಿವು ಅವನ ಕೃತ್ಯವನ್ನು ವಿವರಿಸೀತು, ಅಳಿಸಲಾರದು. ಪಿಂಡಾರಿಯನ್ನು ದೀನರ ಬಂಧುವೆಂದು ಚಿತ್ರಿಸುವ ಇತ್ತೀಚಿನ ಒಲವನ್ನೂ ನಾವು ಒಪ್ಪುವುದಿಲ್ಲ. ಅವನು ಸುಲಿದದ್ದು ಬಹುಮಟ್ಟಿಗೆ ದೀನರನ್ನೇ. ನಮ್ಮ ಮಾತು ಇಷ್ಟೆ: ಒಬ್ಬನ ಅಪರಾಧವನ್ನು ಹೇಳುವಾಗ ಅದರಿಂದ ಲಾಭ ಪಡೆದವನ ಹೆಸರನ್ನು ಬಿಟ್ಟುಬಿಡಲಾಗದು. ಎರಡು ಹೊಣೆಗಳೂ ಇವೆ. ಒಂದು ಇನ್ನೊಂದನ್ನು ತಿನ್ನುವುದಿಲ್ಲ.

ಇದು ಹಳೆಯ ಕಾಗದಗಳ ಮೇಲಣ ಚರ್ಚೆ ಮಾತ್ರವೇ ಆಗಿದ್ದರೆ ಇಷ್ಟು ಬೆಳೆಸಬೇಕಾಗಿರಲಿಲ್ಲ. ಹೆಸರುಗಳಿಗೆ ಪರಿಣಾಮವುಂಟು. ಸೈನ್ಯಗಳಿಗೆ ಅನ್ನ ಹೊತ್ತ ಲಮಾಣರ ಕಸುಬು ರಸ್ತೆ, ರೈಲುಗಳು ಬಂದ ಮೇಲೆ ಕುಗ್ಗಿತು, 1871ರಲ್ಲಿ ಆಂಗ್ಲ ಸರ್ಕಾರವು ‘ಅಪರಾಧಿ ಬುಡಕಟ್ಟು’ಗಳ ಕಾಯಿದೆಯನ್ನು ಮಾಡಿತು, ಮುಂದೆ ಕೆಲವು ಪ್ರಾಂತಗಳಲ್ಲಿ ಲಂಬಾಣಿ ಗುಂಪುಗಳೂ ಆ ಕಾಯಿದೆಯ ಪಟ್ಟಿಗೆ ಸೇರಿದವು. ಪಾಲು ಪಡೆದ ಸರದಾರರ ವಂಶಗಳು ಸಂಸ್ಥಾನಗಳಾಗಿ ಮನ್ನಣೆ ಪಡೆದುವು. ಹೇರು ಹೊತ್ತವರ ಮಕ್ಕಳು ಹುಟ್ಟಿನಿಂದಲೇ ಕಳ್ಳರೆನಿಸಿದರು. 1952ರಲ್ಲಿ ಆ ಕಾಯಿದೆಯು ರದ್ದಾಯಿತು. ಆದರೆ ‘ಲಮಾಣರೂ ಪಿಂಡಾರಿಗಳೂ ಸುಲಿದರು’ ಎಂಬ ಒಂದು ವಾಕ್ಯವನ್ನು ವಿಮರ್ಶೆಯಿಲ್ಲದೆ ತರಗತಿಯಲ್ಲಿ ಹೇಳಿ ಮುಗಿಸುವ ಅಧ್ಯಾಪಕನು ಆ ಕಾಯಿದೆಯ ಮನೋಭಾವವನ್ನು ತನಗರಿಯದೆಯೇ ಮುಂದುವರಿಸುತ್ತಾನೆ. ಆ ತರಗತಿಯಲ್ಲಿ ತಾಂಡದಿಂದ ಬಂದ ವಿದ್ಯಾರ್ಥಿಯೂ ಕುಳಿತಿರುತ್ತಾನೆ.

ಆದುದರಿಂದ ಶೃಂಗೇರಿಯ ಪ್ರಸಂಗವನ್ನು ಬೋಧಿಸುವಾಗ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳುವುದು ಉಚಿತವೆಂದು ಸೂಚಿಸುತ್ತೇವೆ. ಸುಲಿದವರು ಯಾರು? ಅವರಿಗೆ ಸಂಬಳ ಕೊಡಬೇಕಾಗಿದ್ದವರು ಯಾರು? ಸುಲಿಗೆಯಲ್ಲಿ ಪಾಲು ಯಾರಿಗೆ ಸಂದಿತು? ಮೊದಲನೆಯ ಪ್ರಶ್ನೆಗೆ ‘ಪಿಂಡಾರಿ’ ಎಂಬುದು ಸರಿಯಾದ ಉತ್ತರವೇ ಆಗಿರಬಹುದು. ಉಳಿದೆರಡು ಪ್ರಶ್ನೆಗಳಿಗೆ ಆ ಹೆಸರು ಉತ್ತರವಾಗುವುದಿಲ್ಲ. ಟಿಪ್ಪುವಿನ ಪತ್ರಗಳನ್ನು ಅವನ ಧರ್ಮಸಹಿಷ್ಣುತೆಗೆ ಸಾಕ್ಷಿಯೆಂದೋ ರಾಜನೀತಿಗೆ ಸಾಕ್ಷಿಯೆಂದೋ ವಾದಿಸುವವರು ವಾದಿಸಲಿ; ಮರಾಠರ ಪತ್ರಗಳನ್ನು ಪಶ್ಚಾತ್ತಾಪವೆಂದೋ ನೆಪವೆಂದೋ ಓದುವವರು ಓದಲಿ. ಯಾವ ಪಕ್ಷವನ್ನು ಹಿಡಿದರೂ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳನ್ನು ದಾಟಿಹೋಗಲು ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅನುಮತಿಯಿಲ್ಲವೆಂಬುದೇ ನಮ್ಮ ವಿನಯಪೂರ್ವಕವಾದ ಅಭಿಪ್ರಾಯ.